ತಾಂತ್ರಿಕ ಗ್ರಂಥಪ್ರಕಟಣೆಯಲ್ಲಿ ರಚನಾತ್ಮಕ ಅಂಕನ: ವ್ಯಯ ಮತ್ತು ಫಲ

೧

ಲಿಖಿತ ಗ್ರಂಥದಲ್ಲಿ ಅಕ್ಷರಗಳಲ್ಲದೆ ಗುರುತುಗಳೂ ಇರುತ್ತವೆ. ಇವುಗಳಲ್ಲಿ ಎರಡು ಬಗೆ. ಗ್ರಂಥದ ಒಂದು ಭಾಗ ಕಣ್ಣಿಗೆ ಹೇಗೆ ತೋರಬೇಕೆಂಬುದನ್ನು ಹೇಳುವ ಗುರುತು ಒಂದು. ಆ ಭಾಗ ಯಾವ ಜಾತಿಗೆ ಸೇರಿದ್ದೆಂಬುದನ್ನು ಹೇಳುವ ಗುರುತು ಇನ್ನೊಂದು. ಹಸ್ತಪ್ರತಿಗಳ ವ್ಯಾಸಂಗದಲ್ಲಿ ತೊಡಗಿದವರಿಗೆ ಈ ಭೇದ ಅಪರಿಚಿತವಲ್ಲ. ಗುಜರಾತ, ರಾಜಸ್ಥಾನಗಳ ಕಾಗದದ ಪ್ರತಿಗಳಲ್ಲಿ ಲಿಪಿಕಾರರು ಪದ್ಯಸಂಖ್ಯೆ, ಅಧ್ಯಾಯಸಮಾಪ್ತಿ, ಪುಷ್ಪಿಕೆ ಮೊದಲಾದವನ್ನು ಕೆಂಪು ಬಣ್ಣದಿಂದ ಎತ್ತಿ ತೋರಿಸುವುದುಂಟು. ಕೆಂಪು ಕಣ್ಣಿಗೆ ಬೀಳುತ್ತದೆ. ಆದರೆ ಕೆಂಪಾಗಿರುವುದು ಸಂಖ್ಯೆಯೋ ಸಮಾಪ್ತಿವಾಕ್ಯವೋ ಎಂಬುದನ್ನು ಬಣ್ಣ ಹೇಳುವುದಿಲ್ಲ, ಓದುವವನೇ ನಿರ್ಣಯಿಸಿಕೊಳ್ಳಬೇಕು. ಕನ್ನಡ ಚಂಪೂಕಾವ್ಯಗಳ ಆವೃತ್ತಿಗಳಲ್ಲಿ ಪದ್ಯದ ಮೊದಲಿಗೆ ಬರುವ ‘ಕಂ’, ‘ಮ’, ‘ಚ’ ಎಂಬ ಅಕ್ಷರಗಳೂ ಗದ್ಯದ ಮೊದಲಿಗೆ ಬರುವ ‘ವ’ ಎಂಬ ಅಕ್ಷರವೂ ಬೇರೆ ಸ್ವಭಾವದವು. ಇವು ಅಕ್ಷರದ ಗಾತ್ರವನ್ನಾಗಲಿ ಬಣ್ಣವನ್ನಾಗಲಿ ವಿಧಿಸುವುದಿಲ್ಲ. ಮುಂದೆ ಬರುವುದು ಕಂದ, ಮುಂದೆ ಬರುವುದು ವಚನ ಎಂದು ಜಾತಿನಿರ್ದೇಶ ಮಾಡುತ್ತವೆ. ಇಂಥ ಗುರುತಿರುವ ಪಾಠದಿಂದ ಕಂದಗಳನ್ನಷ್ಟೇ ಆಯ್ದು ಎಣಿಸಬಹುದು, ವಚನಭಾಗವನ್ನು ಬೇರೆ ಅಚ್ಚಿನಲ್ಲಿ ಮುದ್ರಿಸಬಹುದು, ಪದ್ಯಗಳ ಅಕಾರಾದಿಯನ್ನು ಸಿದ್ಧಪಡಿಸಬಹುದು. ಒಮ್ಮೆ ಹಾಕಿದ ಗುರುತು ಹಲವು ಕಾರ್ಯಗಳಿಗೆ ಒದಗುತ್ತದೆ.

ಈ ಎರಡನೆಯ ಬಗೆಯ ಗುರುತೇ ಗಣಕಯಂತ್ರದ ಯುಗದಲ್ಲಿ ‘ಮಾರ್ಕಪ್’ ಎಂಬ ಹೆಸರಿನಿಂದ ಒಂದು ಶಾಸ್ತ್ರವಾಗಿ ಬೆಳೆಯಿತು. ಪ್ರಸ್ತುತ ಲೇಖನದಲ್ಲಿ ಅದನ್ನು ‘ರಚನಾತ್ಮಕ ಅಂಕನ’ ಎಂದು ಕರೆಯಲಾಗಿದೆ. ವಿಮಾನ, ಯುದ್ಧನೌಕೆ, ಗಣಕಯಂತ್ರ ಮೊದಲಾದವುಗಳ ಕೈಪಿಡಿಗಳನ್ನು ಪ್ರಕಟಿಸುವವರೂ ದೊಡ್ಡ ನಿಘಂಟುಗಳ ಪ್ರಕಾಶಕರೂ ಹೆಚ್ಚಿನ ವೆಚ್ಚಕ್ಕೆ ಒಪ್ಪಿ ಇದನ್ನು ಏಕೆ ಸ್ವೀಕರಿಸಿದರು, ಎಲ್ಲಿ ಸ್ವೀಕರಿಸಲಿಲ್ಲ ಎಂಬುದನ್ನು ಇತಿಹಾಸದ ಆಧಾರದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

೨

‘ಮಾರ್ಕಪ್’ ಎಂಬ ಪದ ಮುದ್ರಣಾಲಯದಿಂದ ಬಂದುದು. ಸಂಪಾದಕನು ಕರಡುಪ್ರತಿಯ ಅಂಚಿನಲ್ಲಿ, ಈ ಸಾಲು ದಪ್ಪಕ್ಷರ, ಈ ಸಾಲು ನಡುವಿಗೆ ಎಂದು ಮೊಳೆ ಜೋಡಿಸುವವನಿಗೆ ಬರೆಯುತ್ತಿದ್ದ ಸೂಚನೆಗಳಿಗೆ ಆ ಹೆಸರಿತ್ತು. ೧೯೬೦ರ ದಶಕದಲ್ಲಿ ಅಕ್ಷರಸಂಯೋಜನೆಗೆ ಗಣಕಯಂತ್ರ ಬಂದಾಗ ಈ ಸೂಚನೆಗಳು ಯಂತ್ರಸಂಕೇತಗಳಾಗಿ ಗ್ರಂಥದ ಪಾಠದೊಳಗೇ ಸೇರಿಕೊಂಡವು. ಒಂದು ಯಂತ್ರದ ಸಂಕೇತ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಯಂತ್ರ ಬದಲಾದರೆ ಪಾಠವನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತಿತ್ತು. ಪಾಠದ ಒಡೆತನ ಪ್ರಕಾಶಕನದಾದರೂ ಅದರ ಬೀಗದ ಕೈ ಯಂತ್ರದ ತಯಾರಕನಲ್ಲಿತ್ತು.

೧೯೬೭ರ ಸೆಪ್ಟೆಂಬರಿನಲ್ಲಿ ಕೆನಡಾ ಸರ್ಕಾರದ ಮುದ್ರಣ ಕಚೇರಿಯಲ್ಲಿ ನಡೆದ ಸಭೆಯಲ್ಲಿ ವಿಲಿಯಂ ಟನಿಕ್ಲಿಫ್ ಎಂಬವರು, ದಾಖಲೆಯ ವಿಷಯವನ್ನು ಅದರ ಬಾಹ್ಯರೂಪದಿಂದ ಬೇರ್ಪಡಿಸಬೇಕೆಂಬ ವಿಚಾರವನ್ನು ಮಂಡಿಸಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನ್ಯೂಯಾರ್ಕಿನ ಪುಸ್ತಕವಿನ್ಯಾಸಕ ಸ್ಟ್ಯಾನ್ಲಿ ರೈಸ್ ಅವರು ಸಂಪಾದಕೀಯ ರಚನೆಯನ್ನು ಸೂಚಿಸುವ ಸಮಾನ ಸಂಕೇತಗಳ ಪಟ್ಟಿಯೊಂದು ಇರಬೇಕೆಂದು ಪ್ರತಿಪಾದಿಸಿದರು. ೧೯೬೯ರಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು ವಕೀಲರ ಕಚೇರಿಗಳಿಗೆ ಉಪಯುಕ್ತವಾಗುವ ಒಂದು ವ್ಯವಸ್ಥೆಯನ್ನು ರೂಪಿಸುತ್ತಿದ್ದರು. ಗೋಲ್ಡ್‌ಫಾರ್ಬ್ ಅವರು ಸ್ವತಃ ವಕೀಲ ವೃತ್ತಿಯಿಂದ ಬಂದವರು. ಅಲ್ಲಿ ಪಾಠವನ್ನು ತಿದ್ದುವ, ಹುಡುಕುವ, ಅಚ್ಚಿಗೆ ಜೋಡಿಸುವ ಮೂರು ಬೇರೆ ಬೇರೆ ಕ್ರಮವಿಧಿಗಳು ಒಂದೇ ದಾಖಲೆಯನ್ನು ಹಂಚಿಕೊಳ್ಳಬೇಕಾಗಿತ್ತು. ಅಚ್ಚಿನ ಸೂಚನೆಗಳು ತುಂಬಿದ ಪಾಠ ಹುಡುಕುವ ಕ್ರಮವಿಧಿಗೆ ನಿರುಪಯುಕ್ತ. ಈ ತೊಡಕಿಗೆ ಪರಿಹಾರವಾಗಿ ಅವರು ‘ಇದು ಶೀರ್ಷಿಕೆ’, ‘ಇದು ಪಟ್ಟಿಯ ಅಂಶ’ ಎಂದು ಮಾತ್ರ ಹೇಳುವ ಸಂಕೇತಗಳನ್ನು ಕಲ್ಪಿಸಿದರು. ಅದೇ ಜಿ.ಎಂ.ಎಲ್.; ಮೂವರ ಹೆಸರುಗಳ ಮೊದಲಕ್ಷರಗಳೂ ಅವೇ ಆಗಿವೆ. ಐ.ಬಿ.ಎಂ. ಸಂಸ್ಥೆ ತನ್ನ ಯಂತ್ರಗಳ ಕೈಪಿಡಿಗಳನ್ನು ತಾನೇ ಅಪಾರವಾಗಿ ಪ್ರಕಟಿಸುತ್ತಿದ್ದುದರಿಂದ ಈ ಕ್ರಮದ ಮೊದಲ ದೊಡ್ಡ ಬಳಕೆದಾರನೂ ಅದೇ ಆಯಿತು.

೧೯೭೮ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಈ ವಿಚಾರವನ್ನು ಕೈಗೆತ್ತಿಕೊಂಡಿತು. ೧೯೮೦ರಲ್ಲಿ ಮೊದಲ ಕರಡು ಹೊರಬಂದಿತು. ೧೯೮೩ರಲ್ಲಿ ಆರನೆಯ ಕರಡು ಸಿದ್ಧವಾದಾಗ ಅಮೆರಿಕದ ತೆರಿಗೆ ಇಲಾಖೆಯೂ ರಕ್ಷಣಾ ಇಲಾಖೆಯೂ ಅದನ್ನು ಅಂಗೀಕರಿಸಿದವು. ೧೯೮೬ರ ಅಕ್ಟೋಬರಿನಲ್ಲಿ ಅದು ಐ.ಎಸ್.ಒ. ೮೮೭೯ ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಾಗಿ, ಎಸ್.ಜಿ.ಎಂ.ಎಲ್. ಎಂಬ ಹೆಸರಿನಿಂದ ಪ್ರಕಟವಾಯಿತು.

ಈ ಮಾನಕದ ವೈಶಿಷ್ಟ್ಯ ಅದು ಸಂಕೇತಗಳ ಸಿದ್ಧಪಟ್ಟಿಯಲ್ಲ ಎಂಬುದರಲ್ಲಿದೆ. ಪ್ರತಿಯೊಂದು ಜಾತಿಯ ಗ್ರಂಥಕ್ಕೂ ಅದರ ಅವಯವಗಳಾವುವು, ಯಾವುದರೊಳಗೆ ಯಾವುದು ಬರಬಹುದು, ಯಾವುದು ಅವಶ್ಯ, ಯಾವುದು ವಿಕಲ್ಪ ಎಂಬುದನ್ನು ನಿಯಮರೂಪವಾಗಿ ಬರೆದಿಡುವ ವಿಧಾನ ಇದು. ಇಂಥ ನಿಯಮಾವಳಿಯನ್ನು ಆ ಗ್ರಂಥಜಾತಿಯ ಲಕ್ಷಣವೆನ್ನಬಹುದು. ಒಂದೊಂದು ಗ್ರಂಥವೂ ಅದಕ್ಕೆ ಲಕ್ಷ್ಯ. ಲಕ್ಷ್ಯವು ಲಕ್ಷಣಕ್ಕೆ ಹೊಂದುತ್ತದೆಯೇ ಎಂಬುದನ್ನು ಯಂತ್ರವೇ ಪರೀಕ್ಷಿಸುತ್ತದೆ. ದುರಸ್ತಿಯ ವಿಧಿಯೊಂದರಲ್ಲಿ ಎಚ್ಚರಿಕೆಯ ವಾಕ್ಯ ಕಡ್ಡಾಯವೆಂದು ಲಕ್ಷಣದಲ್ಲಿದ್ದರೆ, ಅದು ಬಿಟ್ಟುಹೋದ ಪಾಠವನ್ನು ಯಂತ್ರ ತಡೆಯುತ್ತದೆ. ಆ ವಾಕ್ಯದ ಅರ್ಥ ಸರಿಯಿದೆಯೇ ಎಂಬುದನ್ನು ಮಾತ್ರ ಯಂತ್ರ ಹೇಳಲಾರದು. ಆ ಹೊಣೆ ಸಂಪಾದಕನದೇ.

೩

ಈ ಕ್ರಮಕ್ಕೆ ಎದುರಾದ ಪೂರ್ವಪಕ್ಷ ದುರ್ಬಲವಾದುದಲ್ಲ. ಲಕ್ಷಣವನ್ನು ರೂಪಿಸಲು ತಿಂಗಳುಗಟ್ಟಲೆ ಕೆಲಸ ಬೇಕು. ಬರೆಯುವವರಿಗೆ ಶಿಕ್ಷಣ ಕೊಡಬೇಕು. ಹಳೆಯ ಗ್ರಂಥಗಳನ್ನು ಹೊಸ ಕ್ರಮಕ್ಕೆ ತರಬೇಕು. ೧೯೮೦ರ ದಶಕದ ನಡುವಿನ ಹೊತ್ತಿಗೆ, ಬರೆದದ್ದು ಅಚ್ಚಿನಲ್ಲಿ ಕಾಣುವಂತೆಯೇ ಪರದೆಯ ಮೇಲೆ ಕಾಣುವ ಗಣಕಗಳೂ ಬಂದಿದ್ದವು. ಕಣ್ಣಿಗೆ ಸರಿಯಾಗಿ ತೋರುವ ಪುಟ ಸುಲಭವಾಗಿ ಸಿದ್ಧವಾಗುತ್ತಿರುವಾಗ, ಕಾಣದ ಗುರುತುಗಳಿಗೆ ಹಣ ಏಕೆ ಸುರಿಯಬೇಕು? ಒಮ್ಮೆ ಮಾತ್ರ ಅಚ್ಚಾಗುವ ಪುಸ್ತಕಕ್ಕೆ ಎರಡನೆಯ ಉಪಯೋಗದ ಯೋಚನೆ ಏಕೆ?

ಒಮ್ಮೆ ಮಾತ್ರ ಅಚ್ಚಾಗುವ ಪುಸ್ತಕದ ಮಟ್ಟಿಗೆ ಈ ಪೂರ್ವಪಕ್ಷ ನಿಲ್ಲುತ್ತದೆ. ಲೆಕ್ಕಕ್ಕಾಗಿ ಮಾತ್ರ ಕಲ್ಪಿಸಿಕೊಂಡ ಅಂಕಿಗಳಿಂದ ಇದನ್ನು ವಿಶದಪಡಿಸಬಹುದು. ಕೈಪಿಡಿಯೊಂದನ್ನು ಸಾಮಾನ್ಯ ಕ್ರಮದಲ್ಲಿ ಸಿದ್ಧಪಡಿಸಲು ೧೦೦ ರೂಪಾಯಿ ವೆಚ್ಚವೆಂದೂ ಅದನ್ನು ಇನ್ನೊಂದು ರೂಪಕ್ಕೆ ತರುವಾಗಲೆಲ್ಲ ೩೦ ರೂಪಾಯಿ ತಗಲುವುದೆಂದೂ ಇಟ್ಟುಕೊಳ್ಳೋಣ. ಅಂಕನಸಹಿತ ಕ್ರಮದಲ್ಲಿ ಆರಂಭದ ವೆಚ್ಚ ೧೬೦, ಮುಂದಿನ ಪ್ರತಿಯೊಂದು ರೂಪಕ್ಕೆ ೫ ಎಂದಾಗಲಿ. ಎರಡು ಹೊಸ ರೂಪಗಳ ವೇಳೆಗೆ ಮೊದಲ ಕ್ರಮದ ಒಟ್ಟು ವೆಚ್ಚ ೧೬೦, ಎರಡನೆಯದರದು ೧೭೦, ನಷ್ಟವೇ ಸರಿ. ಮೂರನೆಯ ರೂಪಕ್ಕೆ ಮೊದಲನೆಯದು ೧೯೦, ಎರಡನೆಯದು ೧೭೫. ಅಲ್ಲಿಂದ ಮುಂದೆ ಪ್ರತಿಯೊಂದು ರೂಪಕ್ಕೂ ಅಂತರ ಹಿಗ್ಗುತ್ತದೆ. ಆದುದರಿಂದ ಅಂಕನದ ಲಾಭವನ್ನು ಅಳೆಯುವ ಮಾನದಂಡ ಗ್ರಂಥದ ಗಾತ್ರವಲ್ಲ, ಗ್ರಂಥದ ಪುನರುಪಯೋಗದ ಸಂಖ್ಯೆ.

ಇದಕ್ಕೂ ಸೂಕ್ಷ್ಮವಾದ ಸಂಗತಿಯೊಂದಿದೆ. ವೆಚ್ಚ ಮೊದಲು ಬರುತ್ತದೆ, ಫಲ ಅನಂತರ ಬರುತ್ತದೆ. ವೆಚ್ಚ ಬೀಳುವುದು ಬರೆಯುವವನ, ಜೋಡಿಸುವವನ ಮೇಲೆ. ಫಲ ಸಿಗುವುದು ಮುಂದೆ ಮರುಮುದ್ರಿಸುವವನಿಗೆ, ಅನುವಾದಿಸುವವನಿಗೆ, ಹುಡುಕುವವನಿಗೆ. ಕರ್ತೃ ಒಬ್ಬ, ಭೋಕ್ತೃ ಇನ್ನೊಬ್ಬ. ಇವರಿಬ್ಬರೂ ಒಂದೇ ಆದ ಕಡೆ, ಇಲ್ಲವೆ ಭೋಕ್ತೃವಿಗೆ ಕರ್ತೃವನ್ನು ವಿಧಿಸುವ ಅಧಿಕಾರವಿದ್ದ ಕಡೆ ರಚನಾತ್ಮಕ ಅಂಕನ ಬೇರೂರಿತು. ಅವರಿಬ್ಬರ ನಡುವೆ ಅಂತರವಿದ್ದ ಕಡೆ, ಮಾನಕವೆಷ್ಟು ಉತ್ತಮವಾಗಿದ್ದರೂ ಅದು ಕಾಗದದಲ್ಲೇ ಉಳಿಯಿತು. ಮುಂದಿನ ನಿದರ್ಶನಗಳು ಇದನ್ನು ಸಮರ್ಥಿಸುತ್ತವೆ.

೪

ಮೊದಲನೆಯದು ವಿಮಾನಯಾನದ ನಿದರ್ಶನ. ಅಮೆರಿಕದ ವಿಮಾನ ಸಂಸ್ಥೆಗಳ ಸಂಘವು ೧೯೫೬ರಲ್ಲಿಯೇ, ಅಂದರೆ ಗಣಕಾಂಕನದ ಕಲ್ಪನೆಗೂ ಮೊದಲೇ, ಎಲ್ಲ ವಿಮಾನ ಕೈಪಿಡಿಗಳಿಗೂ ಸಮಾನವಾದ ಅಧ್ಯಾಯಸಂಖ್ಯೆಗಳನ್ನು ನಿಗದಿಪಡಿಸಿತ್ತು. ೨೮ನೆಯ ಅಧ್ಯಾಯವೆಂದರೆ ಇಂಧನ, ೩೨ ಎಂದರೆ ನೆಲಕ್ಕಿಳಿಯುವ ಚಕ್ರವ್ಯವಸ್ಥೆ. ವಿಮಾನವನ್ನು ಯಾರೇ ತಯಾರಿಸಿರಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಹಲವು ತಯಾರಕರ ವಿಮಾನಗಳನ್ನು ಕೊಳ್ಳುವ ಸಂಸ್ಥೆಯ ಕುಶಲಕರ್ಮಿಗೆ ಬೇಕಾದ ವಿಷಯ ಯಾವ ಕೈಪಿಡಿಯಲ್ಲಾದರೂ ಅದೇ ಸ್ಥಾನದಲ್ಲಿ ದೊರೆಯುತ್ತದೆ. ವಿಮಾನದ ಕೈಪಿಡಿ ಎಂದೂ ಮುಗಿಯದ ಗ್ರಂಥ. ಅದಕ್ಕೆ ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಒಂದೇ ಮಾದರಿಯ ಎರಡು ವಿಮಾನಗಳಲ್ಲಿಯೂ ಬಿಡಿಭಾಗಗಳು ಬೇರೆ ಇರಬಹುದು. ಆದುದರಿಂದ ಪ್ರತಿಯೊಂದು ವಿಧಿಗೂ ಅದು ಯಾವ ಯಾವ ವಿಮಾನಕ್ಕೆ ಅನ್ವಯಿಸುತ್ತದೆಂಬ ಸೂಚನೆ ಇರಲೇಬೇಕು. ಇಂಥ ಸೂಚನೆ ಅಂಕನದ ರೂಪದಲ್ಲಿದ್ದರೆ, ಒಂದು ಸಂಸ್ಥೆಯ ವಿಮಾನಗಳಿಗೆ ಸಂಬಂಧಿಸಿದ ಭಾಗವನ್ನಷ್ಟೇ ಯಂತ್ರ ಆಯ್ದುಕೊಡುತ್ತದೆ. ತಿದ್ದುಪಡಿಯಾದ ವಿಧಿಯನ್ನಷ್ಟೇ ಬದಲಿಸಬಹುದು. ಅನ್ವಯವಾಗದ ವಿಧಿಯನ್ನು ಅನುಸರಿಸಿ ದುರಸ್ತಿ ಮಾಡಿದರೆ ಪ್ರಾಣಹಾನಿಯೂ ಸಂಭವಿಸಬಹುದು. ಇಲ್ಲಿ ಪಾಠಶುದ್ಧಿಗೆ ತೆರುವ ಬೆಲೆ ಹಣದಲ್ಲಿ ಮಾತ್ರ ಅಳೆಯತಕ್ಕದ್ದಲ್ಲ. ಈ ಕಾರಣಗಳಿಂದ ವಿಮಾನ ಸಂಸ್ಥೆಗಳ ಸಂಘ ಎಸ್.ಜಿ.ಎಂ.ಎಲ್. ಕ್ರಮವನ್ನು ತನ್ನ ಮಾನಕಗಳಲ್ಲಿ ಅಳವಡಿಸಿಕೊಂಡಿತು. ಕೊಳ್ಳುವವರ ಸಂಘಟಿತ ಬೇಡಿಕೆಗೆ ತಯಾರಕರು ಒಪ್ಪಲೇಬೇಕಾಯಿತು.

ಎರಡನೆಯದು ರಕ್ಷಣಾ ಇಲಾಖೆಯ ನಿದರ್ಶನ. ಯುದ್ಧನೌಕೆಗಳು ಟನ್ನುಗಟ್ಟಲೆ ಕಾಗದದ ಕೈಪಿಡಿಗಳನ್ನು ಹೊತ್ತು ಸಾಗುತ್ತಿದ್ದವು. ಶಸ್ತ್ರಾಸ್ತ್ರಗಳ ಆಯುಸ್ಸು ದಶಕಗಳದು. ಕೈಪಿಡಿ ಬರೆದ ಗಣಕವ್ಯವಸ್ಥೆಯ ಆಯುಸ್ಸು ಕೆಲವೇ ವರ್ಷಗಳದು. ಈ ವಿಷಮತೆಯನ್ನು ಮನಗಂಡು ಅಮೆರಿಕದ ರಕ್ಷಣಾ ಇಲಾಖೆ ೧೯೮೫ರಲ್ಲಿ ‘ಕ್ಯಾಲ್ಸ್’ ಎಂಬ ಯೋಜನೆಯನ್ನು ಆರಂಭಿಸಿತು. ೧೯೮೮ರಲ್ಲಿ ಕೈಪಿಡಿಗಳಿಗೆ ಎಸ್.ಜಿ.ಎಂ.ಎಲ್. ಆಧಾರಿತವಾದ ಸೈನಿಕ ಮಾನಕವನ್ನು ಹೊರಡಿಸಿತು. ಯಂತ್ರವನ್ನು ಪೂರೈಸುವವನು ಕೈಪಿಡಿಯನ್ನೂ ಈ ರೂಪದಲ್ಲಿ ಪೂರೈಸಬೇಕೆಂಬುದು ಕರಾರಿನ ಅಂಗವಾಗತೊಡಗಿತು. ಕೋಷ್ಟಕಗಳನ್ನು ಅಂಕಿಸಲು ಈ ಯೋಜನೆಯಲ್ಲಿ ರೂಪುಗೊಂಡ ವಿಧಾನ ಅನಂತರ ಅನೇಕ ನಾಗರಿಕ ಪ್ರಕಟಣೆಗಳಲ್ಲಿಯೂ ಬಳಕೆಗೆ ಬಂದಿತು. ಯೂರೋಪಿನ ವಿಮಾನೋದ್ಯಮ ಸಂಘವು ೧೯೮೯ರಲ್ಲಿ ಎಸ್. ೧೦೦೦ ಡಿ. ಎಂಬ ಮಾನಕವನ್ನು ಪ್ರಕಟಿಸಿತು. ಇದರಲ್ಲಿ ಗ್ರಂಥಕ್ಕಿಂತ ಅದರ ಘಟಕಕ್ಕೆ ಪ್ರಾಧಾನ್ಯ. ಪ್ರತಿಯೊಂದು ಘಟಕಕ್ಕೂ ತನ್ನದೇ ಸಂಕೇತಸಂಖ್ಯೆಯುಂಟು; ಬೇಕಾದ ಘಟಕಗಳನ್ನು ಸೇರಿಸಿ ಬೇಕಾದ ಗ್ರಂಥವನ್ನು ಕಟ್ಟಿಕೊಳ್ಳಬಹುದು.

ಮೂರನೆಯದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ನಿದರ್ಶನ. ಪಾಠಸಂಪಾದನೆಯ ದೃಷ್ಟಿಯಿಂದ ಇದು ಅತ್ಯಂತ ಬೋಧಪ್ರದವಾಗಿದೆ. ೧೮೮೪ರಿಂದ ೧೯೨೮ರವರೆಗೆ ಬಿಡಿ ಸಂಚಿಕೆಗಳಾಗಿ ಹೊರಬಂದ ಮೂಲ ನಿಘಂಟಿಗೂ ೧೯೭೨ರಿಂದ ೧೯೮೬ರವರೆಗೆ ಬಂದ ನಾಲ್ಕು ಪುರವಣಿ ಸಂಪುಟಗಳಿಗೂ ಏಕತ್ರ ಸಂಯೋಜನೆ ಆಗಬೇಕಿತ್ತು. ಎಲ್ಲವನ್ನೂ ಕೈಯಿಂದ ಕತ್ತರಿಸಿ ಅಂಟಿಸಿ ಹೊಸದಾಗಿ ಜೋಡಿಸಿದ್ದರೆ ಒಂದು ಹೊಸ ಆವೃತ್ತಿ ದೊರೆಯುತ್ತಿತ್ತು, ಅಷ್ಟೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯವು ೧೯೮೪ರಲ್ಲಿ ಬೇರೆ ದಾರಿಯನ್ನು ಆರಿಸಿಕೊಂಡಿತು. ಅಮೆರಿಕದಲ್ಲಿ ಸುಮಾರು ೧೨೦ ಮಂದಿ ಬೆರಳಚ್ಚುಗಾರರು ಸುಮಾರು ೩೫ ಕೋಟಿ ಅಕ್ಷರಗಳ ಪಾಠವನ್ನು ಗಣಕಕ್ಕೆ ಏರಿಸಿದರು. ಇಂಗ್ಲೆಂಡಿನಲ್ಲಿ ೫೦ಕ್ಕೂ ಹೆಚ್ಚು ಮಂದಿ ಕರಡು ತಿದ್ದಿದರು. ಪಾಠದ ಜೊತೆಗೇ ಮುಖ್ಯಶಬ್ದ, ಉಚ್ಚಾರಣೆ, ವ್ಯುತ್ಪತ್ತಿ, ಅರ್ಥ, ಉದ್ಧರಣೆ, ಉದ್ಧರಣೆಯ ಕಾಲ, ಕರ್ತೃ ಎಂಬ ಅವಯವಗಳಿಗೆ ಗುರುತು ಬಿದ್ದಿತು. ಹಳೆಯ ಸಂಪಾದಕರು ಅಚ್ಚಿನ ಬೇರೆ ಬೇರೆ ಮುಖಗಳನ್ನು ಕಟ್ಟುನಿಟ್ಟಾಗಿ ಬಳಸಿದ್ದರಿಂದ, ಬಾಹ್ಯರೂಪವನ್ನು ಆಧರಿಸಿ ಒಳರಚನೆಯನ್ನು ಗುರುತಿಸುವುದು ಬಹುಮಟ್ಟಿಗೆ ಸಾಧ್ಯವಾಯಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ವಿದ್ವಾಂಸರು ಈ ಗುರುತುಗಳನ್ನು ಇನ್ನಷ್ಟು ಪರಿಷ್ಕರಿಸುವ, ಹುಡುಕುವ ಕ್ರಮವಿಧಿಗಳನ್ನು ಸಿದ್ಧಪಡಿಸಿದರು, ಐ.ಬಿ.ಎಂ. ಸಂಸ್ಥೆಯ ಬ್ರಿಟಿಷ್ ಶಾಖೆ ಯಂತ್ರ ಮತ್ತು ತಜ್ಞರ ನೆರವು ನೀಡಿತು.

೧೯೮೯ರಲ್ಲಿ ಎರಡನೆಯ ಆವೃತ್ತಿ ೨೦ ಸಂಪುಟಗಳಲ್ಲಿ ಹೊರಬಂದಿತು. ಇಷ್ಟಕ್ಕೇ ನಿಂತಿದ್ದರೆ ವೆಚ್ಚ ಅತಿಯಾಯಿತೆಂಬ ಆಕ್ಷೇಪ ಸಲ್ಲುತ್ತಿತ್ತು. ಆದರೆ ೧೯೯೨ರಲ್ಲಿ ಅದೇ ಪಾಠ ಒಂದೇ ಅಡಕಮುದ್ರಿಕೆಯಲ್ಲಿ ಬಂದಿತು. ೨೦೦೦ದಿಂದ ಅಂತರಜಾಲದಲ್ಲಿ ದೊರೆಯತೊಡಗಿತು. ಪರಿಷ್ಕರಣವೂ ಅದೇ ಪಾಠದ ಮೇಲೆ ನಿರಂತರವಾಗಿ ಸಾಗಿದೆ. ಸುಮಾರು ೨೪ ಲಕ್ಷ ಉದ್ಧರಣೆಗಳಲ್ಲಿ ಒಬ್ಬ ಕರ್ತೃವಿನ ಉದ್ಧರಣೆಗಳಾವುವು, ಒಂದು ಶತಮಾನದಲ್ಲಿ ಮೊದಲ ಬಾರಿಗೆ ಕಂಡ ಶಬ್ದಗಳಾವುವು ಎಂಬ ಪ್ರಶ್ನೆಗಳಿಗೆ ಉತ್ತರ ಕ್ಷಣದಲ್ಲಿ ಸಿಗುತ್ತದೆ. ಇಲ್ಲಿ ವೆಚ್ಚ ಮಾಡಿದ ಸಂಸ್ಥೆಯೇ ಮುಂದಿನ ಪ್ರತಿಯೊಂದು ರೂಪದ ಒಡೆತನವನ್ನೂ ಹೊಂದಿತ್ತು. ಕರ್ತೃವೇ ಭೋಕ್ತೃವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

೫

ಇದಕ್ಕೆ ವ್ಯತಿರೇಕವಾದ ನಿದರ್ಶನವೂ ಉಂಟು. ಅಮೆರಿಕದ ಪ್ರಕಾಶಕರ ಸಂಘವು ೧೯೮೩ರಲ್ಲಿ, ಗ್ರಂಥಕರ್ತರೇ ತಮ್ಮ ಬರಹವನ್ನು ಅಂಕನಸಹಿತವಾಗಿ ಒಪ್ಪಿಸುವಂತಾಗಲೆಂದು ಒಂದು ಯೋಜನೆಯನ್ನು ಕೈಗೊಂಡಿತು. ಅದರ ಫಲವಾದ ನಿಯಮಾವಳಿ ೧೯೮೮ರಲ್ಲಿ ರಾಷ್ಟ್ರೀಯ ಮಾನಕವಾಯಿತು. ೧೯೯೩ರಲ್ಲಿ ಪರಿಷ್ಕೃತವಾಗಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ನಿಯಮಾವಳಿಯಲ್ಲಿ ಪಾಂಡಿತ್ಯದ ಕೊರತೆಯಿರಲಿಲ್ಲ. ಆದರೆ ಗ್ರಂಥಕರ್ತರು ಅದಕ್ಕೆ ಒಲಿಯಲಿಲ್ಲ. ಗುರುತು ಹಾಕುವ ಶ್ರಮ ತಮ್ಮದು, ಉಳಿತಾಯ ಪ್ರಕಾಶಕನದು ಎಂದಾದ ಮೇಲೆ ಅವರು ಒಲಿಯದಿದ್ದುದು ಸಹಜ. ಅದೇ ದಶಕದಲ್ಲಿ ಗಣಿತಜ್ಞರು ಡೊನಾಲ್ಡ್ ಕ್ನೂತ್ ಅವರ ಟೆಕ್ ವ್ಯವಸ್ಥೆಯನ್ನೂ ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು ಕಟ್ಟಿದ ಲೇಟೆಕ್ ಎಂಬ ಅಂಕನಕ್ರಮವನ್ನೂ ಯಾರ ಒತ್ತಾಯವಿಲ್ಲದೆ ಕಲಿತರು. ಅಲ್ಲಿ ಸಮೀಕರಣಗಳ ಸುಂದರವಾದ ಅಚ್ಚು, ತಾನಾಗಿ ಬೀಳುವ ಪ್ರಮೇಯಸಂಖ್ಯೆ, ತಾನಾಗಿ ಸರಿಹೊಂದುವ ಪರಸ್ಪರ ಉಲ್ಲೇಖಗಳು ಬರೆದವನಿಗೇ ಕೂಡಲೆ ದೊರೆಯುತ್ತಿದ್ದವು. ಎರಡು ಕ್ರಮಗಳ ಗತಿಯಲ್ಲಿ ಕಂಡ ಭೇದಕ್ಕೆ ಫಲ ಯಾರಿಗೆಂಬ ಪ್ರಶ್ನೆಯೇ ಪ್ರಧಾನ ಕಾರಣವೆನ್ನಬೇಕು.

ಗುರುತುಗಳ ಅತಿಸೂಕ್ಷ್ಮತೆಯೂ ಒಂದು ದೋಷವೇ. ಮುಂದೆ ಯಾರೂ ಕೇಳದ ಭೇದಕ್ಕೆ ಗುರುತು ಹಾಕಿದರೆ ಅದು ಶುದ್ಧವ್ಯಯ. ಹಾಗೆಂದು ಇಂದು ಬೇಡವೆಂದು ಬಿಟ್ಟ ಭೇದ ನಾಳೆ ಬೇಕಾದರೆ ಇಡೀ ಪಾಠವನ್ನು ಮತ್ತೆ ಓದಬೇಕಾಗುತ್ತದೆ. ಓರೆಯಕ್ಷರವೆಂದಷ್ಟೇ ಗುರುತಿಸಿದ ಪದ ಗ್ರಂಥನಾಮವೋ ಪರಭಾಷಾಪದವೋ ಒತ್ತುಮಾತೋ ಎಂಬುದು ಕೆಂಪು ಮಸಿಯ ಸಂದಿಗ್ಧದಂತೆಯೇ ಉಳಿದುಬಿಡುತ್ತದೆ. ಎಷ್ಟರಮಟ್ಟಿಗೆ ಅಂಕನ ಬೇಕು ಎಂಬ ನಿರ್ಣಯ ಗ್ರಂಥದ ಭಾವೀ ಉಪಯೋಗಗಳನ್ನು ಬಲ್ಲವನಿಂದ ಮಾತ್ರ ಸಾಧ್ಯ. ಅದನ್ನು ಯಂತ್ರತಜ್ಞನೊಬ್ಬನಿಗೇ ಒಪ್ಪಿಸಿ ಬಿಡುವುದು ಉಚಿತವಲ್ಲ.

೬

ಎಸ್.ಜಿ.ಎಂ.ಎಲ್. ಶಕ್ತವಾಗಿದ್ದರೂ ಕ್ಲಿಷ್ಟವಾಗಿತ್ತು, ಅದಕ್ಕೆ ಬೇಕಾದ ಉಪಕರಣಗಳು ದುಬಾರಿಯಾಗಿದ್ದವು. ೧೯೯೮ರ ಫೆಬ್ರವರಿ ೧೦ರಂದು ಅದರ ಸರಳರೂಪವಾದ ಎಕ್ಸ್.ಎಂ.ಎಲ್. ಪ್ರಕಟವಾಯಿತು. ಇದು ಯೂನಿಕೋಡ್ ಅಕ್ಷರಸಂಹಿತೆಯನ್ನು ಆಧಾರವಾಗಿಟ್ಟುಕೊಂಡಿತು. ಆ ಸಂಹಿತೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೂ ಸ್ಥಾನವಿದ್ದುದರಿಂದ, ಕನ್ನಡದ ಪಾಠವನ್ನಷ್ಟೇ ಅಲ್ಲದೆ ಗುರುತಿನ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯುವುದು ಶಕ್ಯವಾಯಿತು. ಉಪಕರಣಗಳ ಬೆಲೆ ಇಳಿದಂತೆ ಆರಂಭದ ವೆಚ್ಚವೂ ಇಳಿಯಿತು.

ಇದರ ಮೇಲೆ ಕಟ್ಟಿದ ಎರಡು ಕ್ರಮಗಳು ಗಮನಾರ್ಹವಾಗಿವೆ. ಐ.ಬಿ.ಎಂ. ಸಂಸ್ಥೆ ೨೦೦೧ರಲ್ಲಿ ಬಹಿರಂಗಪಡಿಸಿದ, ೨೦೦೫ರಲ್ಲಿ ಮಾನಕವಾದ ‘ಡಿಟಾ’ ಕ್ರಮದಲ್ಲಿ ಕೈಪಿಡಿಯನ್ನು ಸ್ವತಂತ್ರ ವಿಷಯಖಂಡಗಳಾಗಿ ಬರೆಯುತ್ತಾರೆ. ಖಂಡವು ಪರಿಕಲ್ಪನೆಯನ್ನು ವಿವರಿಸುವುದು, ಕಾರ್ಯವಿಧಿಯನ್ನು ಹೇಳುವುದು, ಆಕರವಿವರವನ್ನು ಕೊಡುವುದು ಎಂದು ಮುಖ್ಯವಾಗಿ ಮೂರು ಬಗೆ. ಒಂದು ಖಂಡ ಹತ್ತು ಕೈಪಿಡಿಗಳಲ್ಲಿ ಬರುವುದಾದರೆ ಅದನ್ನು ತಿದ್ದುವುದು ಒಂದೇ ಕಡೆ. ಹಲವು ಭಾಷೆಗಳಿಗೆ ಅನುವಾದವಾಗುವ ಕೈಪಿಡಿಯಲ್ಲಿ ಬದಲಾದ ಖಂಡಗಳನ್ನು ಮಾತ್ರ ಅನುವಾದಕರಿಗೆ ಕಳುಹಿಸಿದರೆ ಸಾಕಾಗುತ್ತದೆ. ಭಾಷೆಗಳ ಸಂಖ್ಯೆ ಹೆಚ್ಚಿದಂತೆ ಉಳಿತಾಯವೂ ಹೆಚ್ಚುತ್ತದೆ. ವಿಜ್ಞಾನ ಪತ್ರಿಕೆಗಳ ಕ್ಷೇತ್ರದಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ೨೦೦೩ರಲ್ಲಿ ಹೊರತಂದ ನಿಯಮಾವಳಿ ೨೦೧೨ರಲ್ಲಿ ‘ಜ್ಯಾಟ್ಸ್’ ಎಂಬ ಮಾನಕವಾಯಿತು. ಇಲ್ಲಿ ಲೇಖಕರಿಂದ ಅಂಕನವನ್ನು ನಿರೀಕ್ಷಿಸುವ ಹಳೆಯ ಆಸೆಯನ್ನು ಬಹುಮಟ್ಟಿಗೆ ಕೈಬಿಡಲಾಯಿತು. ಲೇಖನ ಸ್ವೀಕೃತವಾದ ಮೇಲೆ ಪ್ರಕಾಶಕನೇ ಹಣ ಕೊಟ್ಟು ಗುರುತು ಹಾಕಿಸುತ್ತಾನೆ. ಚೆನ್ನೈ, ಪುದುಚೇರಿ, ಬೆಂಗಳೂರುಗಳ ಅನೇಕ ಸಂಸ್ಥೆಗಳು ಪಾಶ್ಚಾತ್ಯ ಪ್ರಕಾಶಕರ ಇಂಥ ಕೆಲಸವನ್ನೇ ವೃತ್ತಿಯಾಗಿ ನಡೆಸುತ್ತಿವೆ. ಅನ್ಯಭಾಷೆಯ ಗ್ರಂಥರಾಶಿಗೆ ಈ ನೆಲದ ಕೈಗಳು ಹಾಕುತ್ತಿರುವ ಗುರುತು ಈ ನೆಲದ ಗ್ರಂಥಗಳಿಗೆ ಅಷ್ಟೇ ಪ್ರಮಾಣದಲ್ಲಿ ಬಿದ್ದಿಲ್ಲವೆಂಬುದು ಚಿಂತನೀಯವಾಗಿದೆ.

೭

ದೀರ್ಘಕಾಲದ ರಕ್ಷಣೆ ಈ ಲೆಕ್ಕದ ಕೊನೆಯ ಅಂಶ. ಇಂಗ್ಲೆಂಡಿನಲ್ಲಿ ೧೦೮೬ರಲ್ಲಿ ಚರ್ಮಪತ್ರದ ಮೇಲೆ ಬರೆದ ‘ಡೂಮ್ಸ್‌ಡೇ’ ಎಂಬ ಭೂದಾಖಲೆಯ ಪುಸ್ತಕ ಇಂದಿಗೂ ಓದಲು ಬರುತ್ತದೆ. ಅದರ ೯೦೦ನೆಯ ವರ್ಷದ ನೆನಪಿಗೆ ೧೯೮೬ರಲ್ಲಿ ಗಣಕೋಪಯೋಗಿ ಮುದ್ರಿಕೆಗಳಲ್ಲಿ ಸಿದ್ಧಪಡಿಸಿದ ಹೊಸ ದಾಖಲೆ ಕೆಲವೇ ವರ್ಷಗಳಲ್ಲಿ, ಅದನ್ನು ಓದುವ ಯಂತ್ರಗಳೇ ವಿರಳವಾದುದರಿಂದ, ಅಗಮ್ಯವಾಗತೊಡಗಿತು. ೨೦೦೨ರ ವೇಳೆಗೆ ಅದನ್ನು ಉಳಿಸಲು ವಿಶೇಷ ಪ್ರಯತ್ನವೇ ನಡೆಯಬೇಕಾಯಿತು. ಓಲೆ ಶಿಥಿಲವಾಗಿ ಪಾಠ ನಷ್ಟವಾಗುವುದನ್ನು ಕಂಡವರಿಗೆ, ಆಧಾರವಸ್ತು ಚೆನ್ನಾಗಿದ್ದೂ ಪಾಠ ನಷ್ಟವಾಗುವ ಈ ಬಗೆ ವಿಚಿತ್ರವೆನಿಸಬಹುದು. ಒಂದು ಯಂತ್ರಕ್ಕೆ ಕಟ್ಟುಬೀಳದೆ, ಸಾಮಾನ್ಯ ಅಕ್ಷರಗಳಲ್ಲಿ, ಮನುಷ್ಯರೂ ಓದಬಲ್ಲ ಗುರುತುಗಳೊಡನೆ ಇರುವ ಪಾಠಕ್ಕೆ ಈ ಭಯ ಕಡಿಮೆ. ಆದರೆ ಪ್ರತಿಮಾಡುವ ಪರಂಪರೆ ನಿಂತರೆ ಅದೂ ಉಳಿಯದು.

ಪ್ರಾಚೀನ ಪಾಠಗಳ ವಿದ್ವಾಂಸರೂ ಈ ಕ್ರಮದಿಂದ ದೂರ ಉಳಿದಿಲ್ಲ. ೧೯೮೭ರ ನವೆಂಬರಿನಲ್ಲಿ ಅಮೆರಿಕದ ವ್ಯಾಸರ್ ಕಾಲೇಜಿನಲ್ಲಿ ಸೇರಿದ ಸಭೆಯಿಂದ ಟಿ.ಇ.ಐ. ಎಂಬ ವಿದ್ವತ್ಪಾಠಗಳ ಅಂಕನಯೋಜನೆ ಹುಟ್ಟಿತು. ೨೦೦೭ರಲ್ಲಿ ಹೊರಬಂದ ಅದರ ಐದನೆಯ ಆವೃತ್ತಿಯಲ್ಲಿ ಹಸ್ತಪ್ರತಿವಿವರಣೆ, ಪಾಠಾಂತರ, ತ್ರುಟಿತಸ್ಥಳ, ಲಿಪಿಕಾರನ ತಿದ್ದುಪಡಿ ಮೊದಲಾದವುಗಳಿಗೆ ಗುರುತುಗಳು ನಿಯತವಾಗಿವೆ. ಅದರ ಸಂಪಾದಕರಲ್ಲಿ ಒಬ್ಬರಾಗಿದ್ದ ಮೈಕಲ್ ಸ್ಪರ್ಬರ್ಗ್-ಮ್ಯಾಕ್ವೀನ್ ಅವರೇ ಎಕ್ಸ್.ಎಂ.ಎಲ್. ಮಾನಕದ ಸಂಪಾದಕರಲ್ಲಿಯೂ ಒಬ್ಬರು. ಹೀಗೆ ಪಾಠಸಂಪಾದನೆಯ ಅನುಭವ ತಾಂತ್ರಿಕ ಪ್ರಕಟಣೆಯ ಸಾಧನಕ್ಕೂ ಸಂದಿತು.

ವಿಮಾನ ಸಂಸ್ಥೆಗಳ ಸಂಘದಂತೆ ವಿಧಿಸುವ ಅಧಿಕಾರ ಹಸ್ತಪ್ರತಿಸಂಸ್ಥೆಗಳಿಗೆ ಇಲ್ಲ. ಆಕ್ಸ್‌ಫರ್ಡ್ ಮುದ್ರಣಾಲಯದಷ್ಟು ಧನವೂ ಇಲ್ಲ. ಆದರೆ ಲೆಕ್ಕದ ಮೂಲಸೂತ್ರ ಇಬ್ಬರಿಗೂ ಒಂದೇ. ಸೂತ್ರ, ವೃತ್ತಿ, ಟೀಕೆಗಳು ಒಂದರೊಳಗೊಂದು ಹೆಣೆದುಕೊಂಡ ಗ್ರಂಥವನ್ನು ಮತ್ತೆ ಮತ್ತೆ ಮುದ್ರಿಸಬೇಕಾಗುತ್ತದೆ, ಸೂಚಿಗಳನ್ನು ತಯಾರಿಸಬೇಕಾಗುತ್ತದೆ, ಹೊಸ ಪ್ರತಿ ದೊರೆತಾಗ ಪಾಠಾಂತರಗಳನ್ನು ಸೇರಿಸಬೇಕಾಗುತ್ತದೆ. ಪುನರುಪಯೋಗದ ಸಂಖ್ಯೆಯೇ ಮಾನದಂಡವೆಂದಾದರೆ, ಇಂಥ ಗ್ರಂಥಕ್ಕಿಂತ ಅಂಕನಕ್ಕೆ ಅರ್ಹವಾದುದು ವಿರಳ. ಇಲ್ಲಿ ವೆಚ್ಚ ಮಾಡುವ ಪೀಳಿಗೆ ಒಂದು, ಫಲ ಪಡೆಯುವ ಪೀಳಿಗೆ ಇನ್ನೊಂದು ಎಂಬುದು ನಿಜ. ಆದರೆ ಸಂಸ್ಥೆಯೊಂದರ ಆಯುಸ್ಸು ವ್ಯಕ್ತಿಯ ಆಯುಸ್ಸಿಗಿಂತ ದೀರ್ಘವಾದುದು. ಇಂದು ವ್ಯಯಿಸಿ ಮುಂದೆ ಫಲವನ್ನು ಪಡೆಯುವ ಯೋಗ್ಯತೆ ಅದಕ್ಕುಂಟು. ಗ್ರಂಥಭಂಡಾರಗಳನ್ನು ಹೊಂದಿರುವ ಸಂಸ್ಥೆಗಳು ತಮ್ಮ ಮುಂದಿನ ಪ್ರಕಟಣೆಗಳ ಅಂದಾಜುಪಟ್ಟಿಯಲ್ಲಿ ಮುದ್ರಣದ ವೆಚ್ಚದ ಜೊತೆಗೆ ಅಂಕನದ ವೆಚ್ಚಕ್ಕೂ ಒಂದು ಸಾಲನ್ನು ಮೀಸಲಿಡುವುದು ಅವಶ್ಯವಾಗಿದೆ.